ಎರಡು ತಟ್ಟಿದರೆ ಬರಲಿ, ಒಂದು ತಟ್ಟಿದರೆ ನಿಲ್ಲಲಿ

ಹದಿನಾರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನನ್ನ ತಂಗಿಯನ್ನು ಕೆ.ಆರ್. ನಗರದ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದು ಮಾತು ಕೊಟ್ಟು ನಾನು ಹೋಗಲಿಲ್ಲ. ಐರ್ಲೆಂಡ್ ದೇಶದಲ್ಲಿ ಎಂಟು ದಿನ ತಿರುಗಾಡಿ ಬಂದ ಕಥೆ ಬರೆಯಲು ಕೂತವನು ಮೊದಲು ಇದನ್ನೇ ಹೇಳಬೇಕು. ಯಾಕೆಂದರೆ ಆ ಎಂಟು ದಿನವೂ ಈ ವಿಷಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಮ್ಮ ಜೊತೆಯೇ ಬಂತು.

ತಂಗಿಯ ಹೆಸರು ಪವಿತ್ರ. ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ನಾನು ಏಳನೇ ತರಗತಿಗೆ ಸ್ಕೂಲು ಬಿಟ್ಟು ಟ್ರಾಕ್ಟರ್ ಹತ್ತಿದವನು. ಮಿರ್ಲೆ ಸುತ್ತಮುತ್ತಲ ಗದ್ದೆಗಳಿಂದ ಕಬ್ಬು ಹೊರುವುದು ನನ್ನ ಕಸುಬು. ಅವಳು ಪಿಯುಸಿ ಮುಗಿಸಿದ್ದಳು. ಆ ದಿನ ಮೈಸೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟಿಗೆ ಸಂದರ್ಶನವಿತ್ತು. ನಾನು ಆಲೆಮನೆಗೆ ಕಬ್ಬು ಇಳಿಸಿ ಬಂದು, ನಾಲೆಯ ಸೇತುವೆ ಹತ್ತಿರ ಅವಳನ್ನು ಹತ್ತಿಸಿಕೊಳ್ಳಬೇಕಿತ್ತು. ಅವಳು ಇಸ್ತ್ರಿ ಮಾಡಿದ ಚೂಡಿದಾರ್ ಹಾಕಿಕೊಂಡು, ಸರ್ಟಿಫಿಕೇಟುಗಳಿದ್ದ ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿಕೊಂಡು ಆರೂವರೆಗೇ ಬಂದು ನಿಂತಿದ್ದಳು. ಒಂದು ಮೈಲಿ ಆಚೆ ಆಲೆಮನೆಯಲ್ಲಿ ನಾನು ಬಾಳೆ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು ನೆಕ್ಕುತ್ತಾ ಕೂತಿದ್ದೆ. ಟ್ರಾಕ್ಟರ್ ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಮನೆಗೆ ಹೋಗುವ ಮುಂಚೆ ಟ್ರೈಲರ್ ಚಕ್ರದ ಒಳಗಿಂದ ಗ್ರೀಸು ತೆಗೆದು ಅಂಗಿಗೂ ಮೊಣಕೈಗೂ ಬಳಿದುಕೊಂಡೆ.

"ಕೆಟ್ಟು ನಿಂತ್ಬುಡ್ತು ಕಣವ್ವ" ಎಂದೆ.

ಅವಳು ನಂಬಿದಳು. ಆ ವರ್ಷ ಮನೆಯಲ್ಲೇ ಕಳೆದಳು. ಮುಂದಿನ ವರ್ಷ ಬೇರೆ ಕಾಲೇಜಿನಲ್ಲಿ ಸೀಟು ಗಿಟ್ಟಿಸಿ, ಓದಿ, ಈಗ ಎಂಟು ವರ್ಷದಿಂದ ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ನರ್ಸ್ ಆಗಿದ್ದಾಳೆ. ಗಂಡನ ಹೆಸರು ಸಾಬು, ಎಚ್.ಡಿ. ಕೋಟೆ ಗಡಿ ದಾಟಿದರೆ ಸಿಗುವ ವಯನಾಡಿನವನು, ಅವನೂ ಅದೇ ಕೆಲಸ. ಟಿಕೆಟು ಅವಳೇ ಕಳಿಸಿದ್ದಳು. "ಅವತ್ತು ನನ್ನ ಕಳಿಸ್ಬೇಕು ಅಂತ ಟ್ರಾಕ್ಟರ್ ಅಡಿ ಬಿದ್ದು ಒದ್ದಾಡ್ದೋನು ನೀನು. ಈಗ ನಾನು ನಿಂಗೆ ಊರು ತೋರಿಸ್ಬೇಕು" ಎಂದಿದ್ದಳು ಫೋನಿನಲ್ಲಿ.

ಈ ಸಲ ಹೇಳಿಯೇ ಬಿಡಬೇಕು ಎಂದುಕೊಂಡು ವಿಮಾನ ಹತ್ತಿದೆ.

ಬೆರಳೆತ್ತುವ ಸೀಮೆ

ಅಲ್ಲಿಯ ಊರುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಬೋರ್ಡಿನಲ್ಲಿ ಮೇಲೆ ಅವರ ಸ್ವಂತ ಭಾಷೆ, ಕೆಳಗೆ ಇಂಗ್ಲಿಷು, ಥೇಟ್ ನಮ್ಮ ಕಡೆಯ ಹಾಗೆ. ಎರಡೂ ನನಗೆ ಓದಲು ಬರದ್ದರಿಂದ ನಾನೇ ಹೆಸರಿಟ್ಟುಕೊಂಡೆ.

ಪವಿತ್ರ ಒಂದು ವಾರ ರಜೆ ಹಾಕಿ, ತನ್ನ ಪುಟ್ಟ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟಳು. ಮೇ ತಿಂಗಳು. ಹೊರಗೆ ಎಳೆ ಬಿಸಿಲು, ಐದು ನಿಮಿಷಕ್ಕೆ ತುಂತುರು, ಮತ್ತೆ ಬಿಸಿಲು. ಎಲ್ಲಿ ನೋಡಿದರೂ ಹುಲ್ಲು. ದನಗಳು ತಮ್ಮ ಪಾಡಿಗೆ ತಾವು ಮೇಯುತ್ತಿವೆ, ಕಾಯುವವರೇ ಇಲ್ಲ. ನಮ್ಮ ಮನೆಯ ಎರಡು ಎಮ್ಮೆಗಳನ್ನು ಇಲ್ಲಿ ತಂದು ಬಿಟ್ಟರೆ ವಾಪಸು ಬರಲು ಒಪ್ಪುವುದಿಲ್ಲ ಎಂದೆ. ಪವಿತ್ರ ನಕ್ಕಳು.

ಮೊದಲ ದಿನವೇ ಒಂದು ಸಂಗತಿ ಕಂಡೆ. ಎದುರಿಗೆ ಬಂದ ಪ್ರತಿ ಗಾಡಿಯವನೂ ಸ್ಟೇರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ಇವಳೂ ಎತ್ತುತ್ತಾಳೆ.

"ಅಷ್ಟೂ ಜನ ಪರಿಚಯವಾ?"

"ಒಬ್ರೂ ಇಲ್ಲ."

"ಮತ್ತೆ?"

"ಸುಮ್ನೆ. ನೋಡ್ದೆ ಅಂತ."

ನಾನೂ ಎತ್ತಲು ಶುರು ಮಾಡಿದೆ. ಸಂಜೆಯ ಹೊತ್ತಿಗೆ ಕುರಿಗಳಿಗೂ ಎತ್ತುತ್ತಿದ್ದೆ.

ರಸ್ತೆಗಳೋ, ನಮ್ಮ ಗದ್ದೆ ಬದುವಿನಷ್ಟು ಅಗಲ. ಎರಡೂ ಕಡೆ ಎತ್ತರದ ಪೊದೆ, ನಡುವೆ ಹುಲ್ಲು. ತಿರುವಿನಲ್ಲಿ ಎದುರಿನವರು ಕಾಣುವುದಿಲ್ಲ. "ಹಾರನ್ ಹೊಡಿಯೇ" ಎಂದೆ. "ಇಲ್ಲಿ ಯಾರೂ ಹೊಡೆಯಲ್ಲಣ್ಣ" ಎಂದಳು. ನನಗೆ ತಡೆಯಲಾಗಲಿಲ್ಲ. ಒಂದು ಕುರುಡು ತಿರುವಿನಲ್ಲಿ ಕೈ ಚಾಚಿ ನಾನೇ ಒತ್ತಿಬಿಟ್ಟೆ. ತಿರುವಿನಾಚೆ ಬರುತ್ತಿದ್ದ ಮುದುಕರೊಬ್ಬರು ಗಾಡಿ ನಿಲ್ಲಿಸಿದರು, ಗಾಜು ಇಳಿಸಿದರು, ನಗುತ್ತಾ ಮಾತಿಗೆ ಶುರು ಮಾಡಿದರು. ಗುರುತಿನವರಿಗೆ ಮಾತ್ರ ಹಾರನ್ ಹೊಡೆಯುವ ಊರದು. ಮಳೆಯ ಬಗ್ಗೆ, ತಮ್ಮ ನಾಯಿಯ ಕಾಲಿನ ಬಗ್ಗೆ, ಮತ್ತೆ ಮಳೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಪವಿತ್ರ ಎಲ್ಲದಕ್ಕೂ ತಲೆಯಾಡಿಸಿದಳು.

"ಯಾರವರು?" ಎಂದೆ ಅವರು ಹೋದಮೇಲೆ.

"ನಂಗೇನು ಗೊತ್ತು? ನೀನಲ್ವಾ ಕರೆದೋನು."

ಕಲ್ಲುಬೇಲಿ

ಗಾಲ್ವೇ ಎಂಬ ಊರು ದಾಟಿದ ಮೇಲೆ ನೆಲದಲ್ಲಿ ಮಣ್ಣಿಗಿಂತ ಕಲ್ಲು ಹೆಚ್ಚು. ಆ ಕಲ್ಲನ್ನೇ ಆಯ್ದು ಹೊಲಕ್ಕೆ ಬೇಲಿ ಕಟ್ಟಿದ್ದಾರೆ. ಗಾರೆಯಿಲ್ಲ, ಮಣ್ಣಿಲ್ಲ, ಸುಮ್ಮನೆ ಒಂದರ ಮೇಲೊಂದು. ಸಂದಿಯಲ್ಲಿ ಆಚೆಯ ಬೆಳಕು ಕಾಣುತ್ತದೆ. ಬಿದ್ದುಹೋಗುವುದಿಲ್ಲವೇ ಎಂದು ಪವಿತ್ರಳ ಕೈಲಿ ಒಬ್ಬ ರೈತನನ್ನು ಕೇಳಿಸಿದೆ. ಸಂದಿ ಇರುವುದಕ್ಕೇ ಬೀಳುವುದಿಲ್ಲ, ಗಾಳಿ ಹಾದುಹೋಗುತ್ತದೆ, ಸಂದಿ ಮುಚ್ಚಿದರೆ ಮೊದಲ ಬಿರುಗಾಳಿಗೇ ಉರುಳುತ್ತದೆ ಎಂದ.

ಅಲ್ಲಲ್ಲಿ ಸೂರಿಲ್ಲದ ಕಲ್ಲುಮನೆಗಳು. ಪಿರಿಯಾಪಟ್ಟಣದ ದಾರಿಯಲ್ಲಿ ಹೊಗೆಸೊಪ್ಪು ಬೇಯಿಸುವುದನ್ನು ಬಿಟ್ಟವರ ಹಳೆಯ ಬ್ಯಾರನ್ನು ಮನೆಗಳು ಪಾಳುಬಿದ್ದು ನಿಂತಿರುತ್ತವಲ್ಲ, ಹಾಗೆ. ಹಿಂದೊಂದು ಕಾಲದಲ್ಲಿ ಆಲೂಗಡ್ಡೆ ಕೊಳೆತು, ಹಸಿವಿಗೆ ಜನ ಹಡಗು ಹತ್ತಿ ಹೋದರಂತೆ. ಹೋದವರು ಬರಲಿಲ್ಲವಂತೆ. ಮನೆ ಯಾರೂ ಕೆಡವಲಿಲ್ಲ.

ಅಂಥ ಒಂದು ಮನೆಯ ಹೊಸ್ತಿಲ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಚಪಾತಿಗೆ ನಾನು ತಂದಿದ್ದ ಹುಚ್ಚೆಳ್ಳು ಚಟ್ನಿಪುಡಿ. ಎದುರಿಗೆ ಕಡಲು. ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎನಿಸಿತು.

"ಪವೀ, ಅವತ್ತು ಸಂದರ್ಶನದ ದಿನ..." ಎಂದೆ.

"ಅಯ್ಯೋ ಬುಡಣ್ಣ, ಇನ್ನೂ ಅದನ್ನೇ ಮನಸ್ನಲ್ಲಿ ಇಟ್ಕೊಂಡಿದ್ದೀಯಾ? ಗಾಡಿ ಕೆಟ್ರೆ ನೀನೇನು ಮಾಡಕಾಯ್ತದೆ?" ಎಂದು ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು.

ನಾನು ಚಪಾತಿ ತಿಂದೆ.

ದೋಣಿಯೂರು

ಐದನೆಯ ದಿನ ಕೆರ್ರಿ ಎಂಬ ಜಿಲ್ಲೆಯ ಒಂದು ಪುಟ್ಟ ಬಂದರಿಗೆ ಬಂದೆವು. ಹಳದಿ, ನೀಲಿ, ಗುಲಾಬಿ ಬಣ್ಣ ಬಳಿದ ಮನೆಗಳ ಒಂದೇ ಬೀದಿ. ಬೀದಿ ಮುಗಿದಲ್ಲಿ ದೋಣಿ ಇಳಿಸಲು ಕಡಲಿಗೆ ಜಾರಿಹೋಗುವ ಕಾಂಕ್ರೀಟಿನ ಇಳಿಜಾರು. ಪಕ್ಕದ ಗೋಡೆಗೆ ಒರಗಿ ಏಳೆಂಟು ಜನ ನಿಂತಿದ್ದರು. ನಮ್ಮೂರ ಅರಳಿಕಟ್ಟೆಯವರ ಹಾಗೆ, ಕೈ ಕೆಸರು ಮಾಡಿಕೊಳ್ಳದೆ ಬುದ್ಧಿ ಹೇಳುವವರು.

ಅವರೆಲ್ಲ ನೋಡುತ್ತಿದ್ದುದು ಡೆಕ್ಲನ್ ಎಂಬ ನಿವೃತ್ತ ಮೇಷ್ಟರನ್ನು. ಮೇಷ್ಟರು ಜೀಪಿನ ಹಿಂದೆ ಟ್ರೈಲರ್ ಕಟ್ಟಿ, ಅದರ ಮೇಲೆ ಹೊಸ ದೋಣಿ ಇಟ್ಟುಕೊಂಡು, ರಿವರ್ಸಿನಲ್ಲಿ ಇಳಿಜಾರಿಗೆ ಇಳಿಸಲು ಹೆಣಗುತ್ತಿದ್ದರು. ಪ್ರತಿ ಸಲವೂ ಟ್ರೈಲರ್ ಕತ್ತರಿಯ ಹಾಗೆ ಮಡಚಿಕೊಂಡು ಗೋಡೆಯ ಕಡೆ ಹೋಗುತ್ತಿತ್ತು. ಕಡಲು ಬೇರೆ ಹಿಂದಕ್ಕೆ ಸರಿಯುತ್ತಿತ್ತು. ಇನ್ನರ್ಧ ಗಂಟೆ ಕಳೆದರೆ ನೀರು ಸಿಗುವುದಿಲ್ಲ, ದೋಣಿ ನಾಳೆಗೆ.

ಟ್ರೈಲರ್ ಹಿಂದಕ್ಕೆ ತೆಗೆಯುವುದನ್ನು ನನಗೆ ಹೇಳಿಕೊಡಬೇಕೆ? ಎರಡೆರಡು ಟ್ರೈಲರ್ ಕಬ್ಬನ್ನು ಆಲೆಮನೆಯ ಸಂದಿಗೆ ನುಗ್ಗಿಸಿದವನು ನಾನು. ಅದರ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು, ಅದೂ ಒಂದು ಚೂರು. ಮೇಷ್ಟರು ದೋಣಿಯ ಹಿಂಬದಿಯನ್ನು ಗೋಡೆಗೆ ಇನ್ನೇನು ತಾಗಿಸುತ್ತಾರೆ ಎನ್ನುವಾಗ ನನ್ನ ಕಾಲು ತಾನಾಗಿ ಓಡಿತು. ಕೈ ತಾನಾಗಿ ಜೀಪಿನ ಬೆನ್ನಿಗೆ ದಬ್ ಎಂದು ಒಂದು ಬಿಟ್ಟಿತು.

ನಮ್ಮ ಕಡೆ ಇದು ಎಳೆ ಮಗುವಿಗೂ ಗೊತ್ತು. ಗಾಡಿ ಹಿಂದಕ್ಕೆ ಬರುವಾಗ ಒಬ್ಬ ಹಿಂದೆ ನಿಂತು ಬಡಿಯುತ್ತಾನೆ. ಎರಡು ತಟ್ಟಿದರೆ ಬರಲಿ, ಒಂದು ತಟ್ಟಿದರೆ ನಿಲ್ಲಲಿ. ಮೇಷ್ಟರಿಗೆ ಗೊತ್ತಿರಲಿಲ್ಲ. ಜೀಪಿನಿಂದ ಹಾರಿ ಇಳಿದರು. ಮುಖ ಬಿಳಿಚಿಕೊಂಡಿತ್ತು. ಮಂಡಿಯೂರಿ ಚಕ್ರದಡಿ ಬಗ್ಗಿ ನೋಡತೊಡಗಿದರು.

ಪವಿತ್ರ ಓಡಿ ಬಂದಳು. "ಏನಣ್ಣ ಮಾಡ್ದೆ? ಯಾರ್ನೋ ಗುದ್ದುಬುಟ್ಟೆ ಅಂದ್ಕೊಂಡವ್ರೆ ಪಾಪ."

"ನಿಲ್ಸಿ ಅಂದೆ ಅಷ್ಟೇಯ. ಒಂದು ತಟ್ಟಿದ್ರೆ ನಿಲ್ಸು ಅಂತಲ್ವಾ?"

ಅವಳು ತಲೆ ಚಚ್ಚಿಕೊಂಡು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಗೋಡೆಗೆ ಒರಗಿದ್ದವರು ಬಿದ್ದು ಬಿದ್ದು ನಕ್ಕರು. ಮೇಷ್ಟರು ಎದ್ದು ಮಂಡಿ ಒರೆಸಿಕೊಂಡು ಏನೋ ಹೇಳಿದರು.

"ದೋಣಿ ಇಳಿಸ್ಕೊಟ್ರೆ ನೀನು ಅವರ ಗಾಡೀನ ತಮಟೆ ಮಾಡ್ಕೊಂಡ್ರೂ ಪರ್ವಾಗಿಲ್ವಂತೆ" ಎಂದಳು ಪವಿತ್ರ.

ಸರಿ, ಪ್ಯಾಂಟು ಮಡಚಿದೆ. ಪಾಚಿ ಕಟ್ಟಿದ ಇಳಿಜಾರಿನಲ್ಲಿ ಹಿಂದೆ ನಿಂತೆ. ಪವಿತ್ರ ಮೇಷ್ಟರ ಕಿಟಕಿಯ ಪಕ್ಕ ನಿಂತಳು. ನಾನು "ಬಲ, ಒಂದು ಚೂರು" ಎಂದರೆ ಅವಳು ಇಂಗ್ಲಿಷಿನಲ್ಲಿ ಹೇಳುವಳು. ದಬ್ ದಬ್, "ಬರ್ಲಿ, ಬರ್ಲಿ." ಬಂತು. ದಬ್. ನಿಂತಿತು. ಒಂದು ಸಲ ಮುಂದಕ್ಕೆ ಕಳಿಸಿ ನೆಟ್ಟಗೆ ಮಾಡಿಸಿದೆ. ಮತ್ತೆ ದಬ್ ದಬ್. ನಾಲ್ಕನೆಯ ತಟ್ಟಿಗೆ ಮೇಷ್ಟರಿಗೆ ಲಯ ಸಿಕ್ಕಿತು, ಪವಿತ್ರ ಹೇಳುವ ಮುಂಚೆಯೇ ಕೈ ತಿರುಗತೊಡಗಿತು. ಟ್ರೈಲರ್ ದಾರ ಹಿಡಿದಂತೆ ನೇರವಾಗಿ ನೀರಿಗಿಳಿಯಿತು. ದೋಣಿ ಅಲ್ಲಾಡಿತು, ಎದ್ದಿತು, ತೇಲಿತು.

ಗೋಡೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಟ್ಲಾಂಟಿಕ್ ಎಂಬ ಸಮುದ್ರದಲ್ಲಿ ಮೊಣಕಾಲವರೆಗೆ ನಿಂತುಕೊಂಡು, ಮಿರ್ಲೆ ಕಡೆಯ ಕಬ್ಬಿನ ಟ್ರಾಕ್ಟರ್ ಡ್ರೈವರ್ ಆ ಚಪ್ಪಾಳೆ ಕೇಳಿದ. ನನ್ನ ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ನನಗಾಗಿ ಕೈ ತಟ್ಟಿದ್ದು ಅದೇ ಮೊದಲು. ಎದೆ ಉಬ್ಬಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅದೇ ಊರಿನ ಪಬ್ಬು

ಮೇಷ್ಟರು ನಮ್ಮನ್ನು ಬಿಡಲಿಲ್ಲ. ಎದುರಿನ ಪಬ್ಬಿಗೆ ಕರೆದೊಯ್ದರು. ಸಂಜೆ ಏಳು ಗಂಟೆ, ಕಿಟಕಿಯಲ್ಲಿ ಇನ್ನೂ ಮಧ್ಯಾಹ್ನದ ಬಿಸಿಲು. ನಾನು ಕುಡಿಯುವುದಿಲ್ಲ ಎಂದಾಗ ಯಾರೂ ಮುಖ ಸಿಂಡರಿಸಲಿಲ್ಲ, ಕೆಂಪು ಬಣ್ಣದ ನಿಂಬೆ ಷರಬತ್ತು ತಂದಿಟ್ಟರು. ಬಂದವರೆಲ್ಲ ನನ್ನ ಬೆನ್ನಿಗೆ ಎರಡು ತಟ್ಟಿ "ಬರಲಿ ಬರಲಿ" ಎನ್ನುತ್ತಿದ್ದರು. ಆ ಮಾತನ್ನು ಅಷ್ಟರಲ್ಲೇ ಕಲಿತುಬಿಟ್ಟಿದ್ದರು.

ಆಗ ಪವಿತ್ರ ಎದ್ದು ನಿಂತು ಅವರಿಗೆಲ್ಲ ಏನೋ ಹೇಳತೊಡಗಿದಳು. ಇಂಗ್ಲಿಷು ಬರದಿದ್ದರೇನು, ಟ್ರಾಕ್ಟರ್ ಎನ್ನುವುದು ಕೇಳಿಸಿತು. ಅಡಿಗೆ ಬಿದ್ದು ಒದ್ದಾಡುವ ಹಾಗೆ ಕೈ ಮಾಡಿದಳು. ಮೊಣಕೈಗೆ ಗ್ರೀಸು ಮೆತ್ತಿದ್ದನ್ನು ತೋರಿಸಿದಳು. ಜನ ನನ್ನ ಕಡೆ ತಿರುಗಿದರು. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿದ್ದ ಷರಬತ್ತಿನ ಲೋಟವನ್ನು ದೂರ ಸರಿಸಿಟ್ಟೆ.

ಅಲ್ಲಿ ಒಂದು ಪದ್ಧತಿಯಿದೆ. ಪರವೂರಿನವರು ಬಂದು ಕೂತರೆ ಅವರೂ ಏನಾದರೊಂದು ಹಾಡಬೇಕು. ಮೇಷ್ಟರು ಮೇಜು ಬಡಿದು ನನ್ನನ್ನು ಕರೆದರು.

"ಹಾಡಕ್ಕೆ ಬರಲ್ಲ ಅಂತ ಹೇಳು. ನಾನು ಮಾತಾಡ್ತೀನಿ. ನೀನು ಇಂಗ್ಲಿಷಿನಲ್ಲಿ ಹೇಳ್ಬೇಕು" ಎಂದೆ ಪವಿತ್ರಳಿಗೆ.

ಎದ್ದು ನಿಂತೆ. ಪಬ್ಬು ಪೂರಾ ಸದ್ದಡಗಿತು. ಹಾಡಿಗೆ ಕೊಡುವ ಮರ್ಯಾದೆಯನ್ನೇ ಮಾತಿಗೂ ಕೊಟ್ಟು ಕೆಲವರು ಕಣ್ಣು ಮುಚ್ಚಿಕೊಂಡರು. ನಾನು ಕನ್ನಡದಲ್ಲಿ ಹೇಳಿದೆ. "ನನ್ನ ತಂಗಿ ಹೇಳಿದ್ದು ನಿಜ ಅಲ್ಲ ಕಣ್ರೀ. ಟ್ರಾಕ್ಟರ್ ಕೆಟ್ಟಿರಲಿಲ್ಲ. ನಾನು ಆಲೆಮನೇಲಿ ಬೆಲ್ಲ ತಿಂತಾ ಕೂತಿದ್ದೆ. ಗ್ರೀಸು ನಾನೇ ಬಳ್ಕೊಂಡೆ. ಇವಳು ಸೇತುವೆ ಮೇಲೆ ಮಧ್ಯಾಹ್ನದವರೆಗೂ ನಿಂತಿದ್ಲು."

ಮುಗಿಸಿ ಪವಿತ್ರಳ ಕಡೆ ನೋಡಿದೆ. ಎಲ್ಲರೂ ಅವಳ ಕಡೆಯೇ ನೋಡಿದರು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಲೋಟವನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟಳು. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಚಿಕ್ಕ ವಾಕ್ಯ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಬಂದರಿನಲ್ಲಿ ಬಿದ್ದ ಚಪ್ಪಾಳೆಗಿಂತ ಜೋರಾಗಿ.

ಹೊರಗೆ ಬಂದಮೇಲೆ ಕೇಳಿದೆ. "ಏನಂದೆ ಅವ್ರಿಗೆ?"

"ನಮ್ಮೂರ ರಸ್ತೆ ಬಗ್ಗೆ ಒಂದು ಪದ್ಯ ಅಂದೆ" ಎಂದಳು. ಇಳಿದುಕೊಂಡಿದ್ದ ಮನೆಯ ಕಡೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ನೀರು ಸರಿದ ಕಡಲು

ಮರುದಿನ ಬೆಳಿಗ್ಗೆ ಒಂದು ಉದ್ದನೆಯ ಮರಳದಂಡೆಗೆ ಕರೆದೊಯ್ದಳು. ನೀರು ಅರ್ಧ ಮೈಲಿ ಹಿಂದಕ್ಕೆ ಹೋಗಿ ಬರೀ ಒದ್ದೆ ಮರಳು ಮಲಗಿತ್ತು. ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರು ಇಳಿದು ಮುಳುಗಿದ ಹೊಲಗಳು ಎದ್ದು ಕಾಣಲು ತಿಂಗಳುಗಟ್ಟಲೆ ಬೇಕು. ಇಲ್ಲಿ ದಿನಕ್ಕೆ ಎರಡು ಸಲ ಅಡಿಯಲ್ಲಿರುವುದೆಲ್ಲ ಮೇಲೆ ಬರುತ್ತದೆ. ಪಕ್ಕಪಕ್ಕದಲ್ಲಿ ನಡೆದೆವು. ಅವಳು ಒಂದೊಂದಾಗಿ ಕೇಳತೊಡಗಿದಳು.

"ಆ ಶರ್ಟು. ಸೀಮೆಎಣ್ಣೆ ಹಾಕಿ ಉಜ್ಜಿದ್ದೆ ನಾನು. ಎರಡು ದಿನ ಕೈ ವಾಸ್ನೆ ಹೋಗಿರ್ಲಿಲ್ಲ."

"ಗೊತ್ತು."

"ನೋಡ್ತಾ ಇದ್ದೆಯಾ?"

"ನೋಡ್ತಾ ಇದ್ದೆ."

ಸ್ವಲ್ಪ ದೂರ ನಡೆದ ಮೇಲೆ, "ಯಾಕಣ್ಣ?" ಎಂದಳು.

ಇದಕ್ಕೆ ಹದಿನಾರು ವರ್ಷ ನಾನು ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೆ. ಆ ದಂಡೆಯಲ್ಲಿ ನಿಜವಾದದ್ದು ಬಂತು. "ಹಿಂದಿನ ದಿನ ಅಪ್ಪ ಎಲ್ರ ಮುಂದೆ ನಿನ್ನ ಹೊಗಳ್ತು. ಓದಿ ಮನೆ ಹೆಸರು ಉಳಿಸೋಳು ಇವಳೇ ಅಂತು. ನಾನು ಅಲ್ಲೇ ಕೂತಿದ್ದೆ. ನೀನು ಹೋದ್ರೆ ನಾನು ಇನ್ನೂ ಚಿಕ್ಕೋನಾಗ್ತೀನಿ ಅನ್ನಿಸ್ತು."

"ಬರಲ್ಲ ಅನ್ಬೇಕಿತ್ತು."

"ಅಂದಿದ್ರೆ ನಿಂಗೆ ಬೇಜಾರಾಯ್ತಿತ್ತು."

ಅವಳು ನಿಂತಳು. ಸಿಟ್ಟು ಆಗ ಬಂತು, ಆದರೆ ದನಿ ಏರಲಿಲ್ಲ. "ಬರಲ್ಲ ಅಂದಿದ್ರೆ ಮಿರ್ಲೆವರೆಗೂ ನಡ್ಕೊಂಡೇ ಹೋಗಿ ಬಸ್ ಹಿಡೀತಿದ್ದೆ ಕಣಣ್ಣ. ಮೂರು ಮೈಲಿ. ಟೈಮಿತ್ತು. ಬತ್ತೀನಿ ಅಂದೆಯಲ್ಲ, ಅದ್ಕೇ ನಿಂತ್ಕೊಂಡೆ. ಒಂದ್ಸಲ ಹೊರಟೆ ಕೂಡ. ಹೋದ್ಮೇಲೆ ನೀನು ಬಂದು ಹುಡುಕ್ತೀಯ ಅಂತ ವಾಪಸ್ ಬಂದೆ."

ಇದು ನನಗೆ ಗೊತ್ತಿರಲಿಲ್ಲ. ಅವಳ ಒಂದು ವರ್ಷ ಹಾಳಾದದ್ದು ನಾನು ಹೋಗದಿದ್ದುದಕ್ಕಲ್ಲ. ಬರುತ್ತೇನೆ ಎಂದದ್ದಕ್ಕೆ.

"ನಿನ್ನೆ ಅಷ್ಟೂ ಜನದ ಮುಂದೆ ಎಲ್ಲ ಹೇಳ್ದೆ. ಒಂದು ಮಾತು ಮಾತ್ರ ಹೇಳ್ಲಿಲ್ಲ" ಎಂದಳು.

ಯಾವ ಮಾತು ಎಂದು ನನಗೆ ಗೊತ್ತಿತ್ತು. ದೂರದಲ್ಲಿ ನೀರು ತಿರುಗಿ ಬರಲು ಶುರುವಾಗಿತ್ತು. ಕಾರಿಗೆ ಹೋದೆವು.

ಹುಲ್ಲು ಬೆಳೆದ ರಸ್ತೆ

ವಾಪಸು ಬರುವಾಗ ಅವಳು ಯಾರಿಗೂ ಬೆರಳು ಎತ್ತಲಿಲ್ಲ. ನಾನೇ ಇಬ್ಬರ ಪರವಾಗಿ ಎತ್ತುತ್ತಿದ್ದೆ.

ಎರಡೂ ಕಡೆ ಕಲ್ಲುಬೇಲಿಯಿದ್ದ ಒಂದು ಸಂದಿರಸ್ತೆಯಲ್ಲಿ ಎದುರಿಗೆ ಟ್ರಾಕ್ಟರ್ ಬಂತು. ಹಿಂದೆ ಟ್ರೈಲರ್, ಅದರ ತುಂಬ ಕೊಯ್ದ ಹಸಿ ಹುಲ್ಲು. ಇಲ್ಲಿಯದಾದರೇನು ಅಲ್ಲಿಯದಾದರೇನು, ತುಂಬಿದ ಗಾಡಿಯನ್ನು ಹಿಂದಕ್ಕೆ ಕಳಿಸಬಾರದು. ಖಾಲಿಯವರೇ ಹೋಗಬೇಕು. ನಮ್ಮ ಹಿಂದೆ ಒಂದು ಫರ್ಲಾಂಗು ದೂರದಲ್ಲಿ ಹೊಲದ ಗೇಟಿನ ಮುಂದೆ ಸ್ವಲ್ಪ ಜಾಗವಿತ್ತು. ಅಲ್ಲಿಯವರೆಗೂ ರಿವರ್ಸು. ಪವಿತ್ರ ಎಂಟು ವರ್ಷದಿಂದ ಕಾರು ಓಡಿಸುತ್ತಿದ್ದಾಳೆ, ರಿವರ್ಸು ಮಾತ್ರ ಅವಳಿಗೆ ಒಲಿದಿಲ್ಲ. ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕೂತಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಇಳಿ. ಹಿಂದೆ ನಿಂತ್ಕೋ. ತಟ್ಟು."

ಇಳಿದು ಹಿಂದೆ ಹೋದೆ. ಕಾರಿನ ಬೆನ್ನಿಗೆ ಎರಡು ತಟ್ಟಿದೆ. ಅದು ಮೆಲ್ಲಗೆ ನನ್ನ ಕಡೆ ಬಂತು. ನಾನು ಹಿಂದಕ್ಕೆ ನಡೆಯುತ್ತಾ ಹೋದೆ. "ಬರ್ಲಿ, ಬರ್ಲಿ. ಎಡಕ್ಕೆ ಒಂದು ಚೂರು. ಬರ್ಲಿ." ಕಲ್ಲುಬೇಲಿಗೂ ಕಾರಿಗೂ ನಡುವೆ ಒಂದು ಗೇಣು ಜಾಗ. ಅವಳು ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ಕನ್ನಡಿಯನ್ನೂ ನೋಡುತ್ತಿರಲಿಲ್ಲ. ಎದುರಿಗೆ ನೋಡುತ್ತಾ, ನನ್ನ ತಟ್ಟನ್ನು ಮಾತ್ರ ಕೇಳಿಕೊಂಡು ಬರುತ್ತಿದ್ದಳು. ನಾನು ಬಾ ಎಂದರೆ ಬಂದಳು. ಅವತ್ತು ನಿಂತಿದ್ದಳಲ್ಲ, ಅದೇ ನಂಬಿಕೆಯಲ್ಲಿ. ಆ ಒಂದು ಫರ್ಲಾಂಗನ್ನು ನಾನು ಹೊತ್ತ ಯಾವ ಕಬ್ಬಿನ ಹೊರೆಗಿಂತಲೂ ಹುಷಾರಾಗಿ ತಂದೆ. ಕಾರಿಗೆ ಒಂದು ಗೀರೂ ಬೀಳಲಿಲ್ಲ.

ಗೇಟಿನ ಮುಂದೆ ಒಂದು ತಟ್ಟಿದೆ. ಕಾರು ನಿಂತಿತು. ಟ್ರಾಕ್ಟರಿನವನು ಹಾದುಹೋಗುತ್ತಾ ಒಂದು ಬೆರಳು ಎತ್ತಿದ. ಈ ಸಲ ಪವಿತ್ರಳೂ ಎತ್ತಿದಳು. ಗೆದ್ದ ಹಾಗೆ ಮುಖ ಅರಳಿತ್ತು. ಅದನ್ನು ಮರೆಮಾಡಲು ನೋಡಿದಳು, ಆಗಲಿಲ್ಲ.

ಕಿಟಕಿಯ ಗಾಜು ಇಳಿಸಿ, "ಸಾಕಾ? ಇನ್ನೂ ಬರ್ಬೇಕಾ?" ಎಂದಳು.

ನನ್ನ ಕೈ ಇನ್ನೂ ಕಾರಿನ ಮೇಲಿತ್ತು. ತಗಡು ಬೆಚ್ಚಗಿತ್ತು. ಬೇಲಿಯಾಚೆ ಕುರಿಗಳು ತಲೆಯೆತ್ತಿ ನೋಡುವಷ್ಟು ಜೋರಾಗಿ ನನ್ನ ದನಿ ಹೊರಟಿತು.

"ಸಾಕು ಕಣವ್ವ, ನೀನು ಬಂದಿದ್ದು ಸಾಕು. ಬತ್ತೀನಿ ಅಂದು ಬರ್ದೇ ಇದ್ದೋನು ನಾನು. ತಪ್ಪಾಯ್ತು ಪವೀ. ನನ್ನಿಂದ ತಪ್ಪಾಯ್ತು."